ಕೋಟೆಗೆ ಈಗ ಫಿರಂಗಿ ಬೇಕಿಲ್ಲ

2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯೊಂದನ್ನು ಬುಡಸಮೇತ ಎಬ್ಬಿಸಿ, ಸುಮಾರು 130 ಮೀಟರ್ ಆಚೆ ಒಯ್ದು ಇಟ್ಟರು. ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡ. ತೂಕ ಸಾವಿರ ಟನ್ನಿನ ಹತ್ತಿರ. ಅಮೆರಿಕದ ಕಂಪನಿ ಬಂತು, ಜಾಕಿಗಳು ಬಂದವು, ಕೋಟಿಗಟ್ಟಲೆ ದುಡ್ಡೂ ಬಂತು. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಆ ಮದ್ದಿನ ಮನೆ ಅಡ್ಡ ನಿಂತಿತ್ತು, ಅದಕ್ಕೆ. ಒಡೆದು ಹಾಕಲಿಲ್ಲವಲ್ಲ, ಅಷ್ಟರ ಮಟ್ಟಿಗೆ ಸಂತೋಷ. ಆದರೆ ರೈಲಿಗೆ ಅಡ್ಡ ಬಾರದ ಕೋಟೆಯ ಗೋಡೆ ಏನು ಪಾಪ ಮಾಡಿತ್ತು?

ನಾವು ಬಸರಾಳಿನ ಕಡೆಯವರು. ನಮಗೆ ಶ್ರೀರಂಗಪಟ್ಟಣ ದೂರದ ಊರಲ್ಲ. ಅಲ್ಲಿನ ಕೋಟೆಯನ್ನು 1454ರಲ್ಲಿ ಮೊದಲು ಕಟ್ಟಿಸಿದವನು ನಾಗಮಂಗಲದ ತಿಮ್ಮಣ್ಣ ಹೆಬ್ಬಾರ ಎಂಬ ಹೇಳಿಕೆಯಿದೆ. ನಾಗಮಂಗಲ ನಮಗೆ ಪಕ್ಕದ ತಾಲ್ಲೂಕು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಅದನ್ನು ಪಡೆದರು, ಹೈದರ್ ಮತ್ತು ಟಿಪ್ಪು ಬಲಪಡಿಸಿದರು. ಕಾವೇರಿ ಕವಲೊಡೆದು ಸುತ್ತುವ ಪುಟ್ಟ ದ್ವೀಪ. ನೀರು, ಕಂದಕ, ಗೋಡೆ, ಕೊತ್ತಲ, ದಿಡ್ಡಿ ಬಾಗಿಲು ಎಲ್ಲ ಸೇರಿದರೇ ಅದು ಕೋಟೆ. ಈಗ ಕಂದಕಕ್ಕೆ ಇಳಿದು ನೋಡಿ. ಪ್ಲಾಸ್ಟಿಕ್ ಕವರು, ಕೋಳಿ ಪುಕ್ಕ, ಒಡೆದ ಮನೆಯ ಮಣ್ಣು, ಮೋರಿ ನೀರು. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಪ್ರೇಮಿಗಳ ಹೆಸರು, ಪಕ್ಕದಲ್ಲಿ ಬಾಣ ಚುಚ್ಚಿದ ಹೃದಯ. ಶತ್ರು ದಾಟಬಾರದೆಂದು ತೋಡಿದ ಕಂದಕವನ್ನು ನಾವೇ ಬುಟ್ಟಿ ಬುಟ್ಟಿ ಕಸ ಸುರಿದು ದಾಟುವ ಹಾಗೆ ಮಾಡಿಕೊಂಡಿದ್ದೇವೆ.

ಗೋಡೆ ಮಳೆಗೆ ಬಿತ್ತು ಎಂದು ಪತ್ರಿಕೆಯಲ್ಲಿ ಬರುತ್ತದೆ. ಮಳೆಯನ್ನು ಯಾಕೆ ಬೈಯುತ್ತೀರಿ? ಇಂಥ ಗೋಡೆಯ ಎರಡು ಮೈಗೆ ಕಲ್ಲು, ನಡುವೆ ಮಣ್ಣು. ಮೇಲಿನಿಂದ ಇಳಿದ ನೀರು ಹೊರಗೆ ಹೋಗಲು ಕಿಂಡಿ ಬಿಟ್ಟಿರುತ್ತಾರೆ. ಕಿಂಡಿಗೆ ಕಸ ಕಟ್ಟಿದರೆ ನೀರು ಒಳಗೇ ನಿಲ್ಲುತ್ತದೆ, ಮಣ್ಣು ಉಬ್ಬುತ್ತದೆ, ಉಬ್ಬಿದ ಮಣ್ಣು ಮುಂಗಲ್ಲನ್ನು ಹೊರಕ್ಕೆ ತಳ್ಳುತ್ತದೆ. ಇನ್ನೊಂದು ಕಡೆ ಹಕ್ಕಿ ಹಿಕ್ಕೆಯ ಬೀಜದಿಂದ ಹುಟ್ಟಿದ ಅರಳಿ ಸಸಿ ಸಂದಿಗೆ ಬೇರು ಬಿಡುತ್ತದೆ. ಮಂತ್ರಿಗಳು ಬರುವ ಹಿಂದಿನ ದಿನ ಅದರ ಕೊಂಬೆ ಕತ್ತರಿಸಿ ಹೋಗುತ್ತಾರೆ. ಬೇರು ಸಾಯುವುದಿಲ್ಲ, ಇನ್ನಷ್ಟು ದಪ್ಪವಾಗಿ ಕಲ್ಲನ್ನು ಎತ್ತುತ್ತದೆ. ಇದಕ್ಕೂ ಮೇಲೆ ಸಿಮೆಂಟಿನ ರಿಪೇರಿ. ಸುಣ್ಣದ ಗಾರೆ ತೇವ ಹೀರಿ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ತೇವ ಒಳಗೇ ಉಳಿದು ಹಳೆಯ ಕಲ್ಲು, ಇಟ್ಟಿಗೆ ಪುಡಿಯಾಗುತ್ತದೆ. ಕಿಂಡಿ ಗುಡಿಸುವುದಕ್ಕೆ ಪೊರಕೆ ಸಾಕು. ಪೊರಕೆ ಹಿಡಿದರೆ ಟೆಂಡರ್ ಹುಟ್ಟುವುದಿಲ್ಲ. ಗೋಡೆ ಬಿದ್ದರೆ ಟೆಂಡರ್ ಹುಟ್ಟುತ್ತದೆ.

‘ಬುಡಿ ಸಾ, ಹಳೇ ಕಲ್ಲು ತಾನೆ, ಅದ್ಕೆ ಯಾಕಿಷ್ಟು ಬಡ್ಕತೀರಿ?’ ಎಂದು ಕೇಳುವವರಿದ್ದಾರೆ. ಅವರ ಮಾತನ್ನು ಮೊದಲು ಕೇಳಿಸಿಕೊಳ್ಳೋಣ. ಆ ಕೋಟೆಗೆ ತಿಮ್ಮಣ್ಣ ಕಳಸವಾಡಿಯ ನೂರೊಂದು ಜೈನ ಬಸದಿಗಳ ಕಲ್ಲು ಬಳಸಿದನಂತೆ. ಹಾಗಿದ್ದರೆ ಕೋಟೆ ಎಂಬುದೇ ಒಂದು ಕೆಡವಿನ ಮೇಲೆ ನಿಂತದ್ದು. ಈ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬ್ರಿಟಿಷರೂ ಕೆಡವಿದರು. 1799ರ ಮುತ್ತಿಗೆಯಲ್ಲಿ ಗೋಡೆ ಒಡೆದು ಮೇ 4ರಂದು ಒಳನುಗ್ಗಿದರು, ಆಮೇಲೆ ಟಿಪ್ಪುವಿನ ಲಾಲ್ ಮಹಲ್ ಉರುಳಿಸಿದರು. ಆ ಅರಮನೆಯ ತೊಲೆಗಳು ಉದಕಮಂಡಲದ ಸೇಂಟ್ ಸ್ಟೀಫನ್ ಚರ್ಚಿನಲ್ಲಿ ಇಂದಿಗೂ ಇವೆ. ಅವರಿಗೆ ದ್ವೇಷವಿತ್ತು, ಲೆಕ್ಕಾಚಾರವೂ ಇತ್ತು. ನಮಗೆ ದ್ವೇಷವೂ ಇಲ್ಲ. ಬರೀ ಅಸಡ್ಡೆ. ಅಂದ ಹಾಗೆ, ಅವರು ಗೋಡೆ ಒಡೆದು ಒಳನುಗ್ಗಿದ ಜಾಗದಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರು ಕೊರೆದು 1907ರಲ್ಲಿ ನೆಟ್ಟ ಕಂಬ ನೆಟ್ಟಗೆ ನಿಂತಿದೆ. ಗೋಡೆ ಕಾಯುತ್ತ ಸತ್ತ ನಮ್ಮ ಸಿಪಾಯಿಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವರಿಗೆ ಉಳಿದಿದ್ದ ಗುರುತು ಆ ಗೋಡೆಯೇ.

ಗುಡಿಯಾಗಿದ್ದರೆ ಯಾರಾದರೂ ದೀಪ ಹಚ್ಚುತ್ತಿದ್ದರು. ನಮ್ಮ ಬಸರಾಳಿನಲ್ಲಿ ಹರಿಹರ ದಣ್ಣಾಯಕ 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನನ ಗುಡಿ ಇದೆ. ಹೊಯ್ಸಳರ ಕೆತ್ತನೆ, ಬಳಪದ ಕಲ್ಲು. ಅದನ್ನು ನಮ್ಮದು ಎನ್ನಲು ಊರಿನವರು ಯಾರನ್ನೂ ಕೇಳುವುದಿಲ್ಲ. ಕೋಟೆಗೆ ದೇವರಿಲ್ಲ. ಅದಕ್ಕೆ ಇರುವುದು ಟಿಪ್ಪು, ಆ ಹೆಸರು ಎತ್ತಿದರೆ ಸಾಕು ಜಗಳ. 2015ರಿಂದ ಸರ್ಕಾರ ಜಯಂತಿ ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಪರವಾಗಿ ಘೋಷಣೆ ಕೂಗಿದವರ ಗಂಟಲೂ ಹರಿಯಿತು, ವಿರುದ್ಧ ಕೂಗಿದವರ ಗಂಟಲೂ ಹರಿಯಿತು, ಪೊಲೀಸರು ಬಂದೋಬಸ್ತ್ ಮಾಡಿದರು. ಕಂದಕದಿಂದ ಒಂದು ಬುಟ್ಟಿ ಕಸ ಎತ್ತಿದವರನ್ನು ಆ ಎರಡೂ ಮೆರವಣಿಗೆಗಳಲ್ಲಿ ನಾನು ಕಾಣಲಿಲ್ಲ. ಟಿಪ್ಪುವನ್ನು ಹೊಗಳುವವನಿಗೂ ಬೈಯುವವನಿಗೂ ಆ ಗೋಡೆಯಿಂದ ಆಗಬೇಕಾದ್ದು ಏನೂ ಇಲ್ಲ. ವಿಜಯನಗರದವರೂ ಒಡೆಯರೂ ಆಳಿದ ಕೋಟೆ ಅದು ಎಂದು ಹೇಳಿದರೆ ಇಬ್ಬರಿಗೂ ಸಿಟ್ಟು.

ಕಾನೂನು ಇಲ್ಲವೇ? ಇದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂದು ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ಸುತ್ತ ನೂರು ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ದ್ವೀಪದ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲೂ ಇವೆ. ಫಲಕದಲ್ಲಿ ಕಾಯ್ದೆಯ ಸೆಕ್ಷನ್ ಬರೆದಿರುತ್ತದೆ, ಫಲಕದ ಬುಡದಲ್ಲೇ ಕಸ ಇರುತ್ತದೆ. ದ್ವೀಪದಲ್ಲಿ ಕೆಲವು ಕಟ್ಟಡ ಕೇಂದ್ರದ್ದು, ಕೆಲವು ರಾಜ್ಯದ್ದು, ರಸ್ತೆ ಮೋರಿ ಪುರಸಭೆಯದ್ದು, ಹಳಿ ರೈಲ್ವೆಯದ್ದು. ಬಿದ್ದ ಕಲ್ಲು ಯಾರದ್ದು? ಯಾರದ್ದೂ ಅಲ್ಲದ್ದರಿಂದ ಟ್ರ್ಯಾಕ್ಟರ್ ತಂದವನದ್ದು.

ನಮಗೆ ಹೊಸ ಉತ್ಸವ ಬೇಡ, ಲೇಸರ್ ಬೆಳಕು ಬೇಡ, ಸೆಲ್ಫಿ ಪಾಯಿಂಟ್ ಬೇಡವೇ ಬೇಡ. ಬಿದ್ದ ಪ್ರತಿ ಕಲ್ಲಿಗೂ ನಂಬರ್ ಹಾಕಿ, ಬಿದ್ದಲ್ಲೇ ಇಡಿ. ಪ್ರತಿ ಕಿಂಡಿ ತೆರೆಯಿರಿ. ಬೇರು ಸಾಯಿಸಿ, ಕೊಂಬೆ ಕತ್ತರಿಸುವ ನಾಟಕ ಬಿಡಿ. ಕಂದಕಕ್ಕೆ ಬರುವ ಮೋರಿಯನ್ನು ಬೇರೆ ಕಡೆ ತಿರುಗಿಸಿ. ಒಂದೊಂದು ಬಾಗಿಲಿನ ಮುಂದೂ ಇದಕ್ಕೆ ಹೊಣೆಗಾರ ಇಂಥ ಅಧಿಕಾರಿ ಎಂದು ಬೋರ್ಡ್ ಹಾಕಿ, ಫೋನ್ ನಂಬರ್ ಸಮೇತ. ಮುಂಗಾರು ಜೂನ್‌ನಲ್ಲಿ ಬರುತ್ತದೆ, ಬೋರ್ಡು ಮೇ ತಿಂಗಳೊಳಗೆ ಬರಲಿ.