ಭಾನುವಾರದವರೆಗೆ ಬಾಯಿ ಮುಚ್ಚಿಕೊಂಡಿರಿ!

ಸಿನಿಮಾ ನೋಡಿ ಹೊರಬಂದವನು ಮೊಬೈಲ್ ತೆಗೆದು ಹತ್ತಕ್ಕೆ ನಾಲ್ಕು ಅಂಕ ಒತ್ತಿದರೆ ಚಿತ್ರರಂಗವೇ ಮುಳುಗುತ್ತದಂತೆ. ಕೋಟಿಗಟ್ಟಲೆ ಸುರಿದು, ಬೆಳ್ಳಂಬೆಳಗ್ಗೆ ಫ್ಯಾನ್ಸ್ ಶೋ ಇಟ್ಟು, ಆಳೆತ್ತರದ ಕಟೌಟಿಗೆ ಹಾಲೆರೆಸಿಕೊಂಡು ಬಂದ ಸಿನಿಮಾಕ್ಕೆ ಒಬ್ಬ ಪ್ರೇಕ್ಷಕನ ಹೆಬ್ಬೆರಳನ್ನು ತಾಳಿಕೊಳ್ಳುವಷ್ಟೂ ತ್ರಾಣವಿಲ್ಲ! ಕಥೆ ಬರೆಯುವಾಗ ತೋರಿಸದ ಆತುರವನ್ನೆಲ್ಲ ನಿರ್ಮಾಪಕರು ಈಗ ಕೋರ್ಟಿನ ಮೆಟ್ಟಿಲು ಹತ್ತುವುದರಲ್ಲಿ ತೋರಿಸುತ್ತಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಕನ್ನಡದ ‘ದಿ ಡೆವಿಲ್’ ತೆರೆಗೆ ಬಂದಾಗ ಟಿಕೆಟ್ ಮಾರುವ ಬುಕ್‌ಮೈಶೋದಲ್ಲಿ ಅಂಕ ಇರಬೇಕಾದ ಜಾಗದಲ್ಲಿ, ನ್ಯಾಯಾಲಯದ ಆದೇಶದಂತೆ ರೇಟಿಂಗ್ ನಿಲ್ಲಿಸಲಾಗಿದೆ ಎಂಬ ಅರ್ಥದ ಒಂದು ಸಾಲು ಬಂದು ಕೂತಿತು. ಮರುತಿಂಗಳು ಚಿರಂಜೀವಿಯವರ ತೆಲುಗು ಚಿತ್ರ ‘ಮನ ಶಂಕರ ವರಪ್ರಸಾದ್ ಗಾರು’ ಕೂಡ ಅದೇ ದಾರಿ ಹಿಡಿಯಿತು. ಗಾಂಧಿನಗರ ಇದೊಂದರಲ್ಲಾದರೂ ಪಕ್ಕದವರಿಗೆ ಮೇಲ್ಪಂಕ್ತಿ ಹಾಕಿಕೊಟ್ಟಿತಲ್ಲ ಎಂದು ಹಿಗ್ಗೋಣ.

ವಿಮರ್ಶೆಗೂ ತಡೆ ಬೇಕೆನ್ನುವವರು ಕೇಳುತ್ತಿರುವ ಅವಧಿಯನ್ನು ಸ್ವಲ್ಪ ಗಮನಿಸಿ. ಕೇರಳದಲ್ಲಿ ಹೈಕೋರ್ಟ್ ತನಗೆ ನೆರವಾಗಲೆಂದು ನೇಮಿಸಿದ್ದ ವಕೀಲರು (ಅಮಿಕಸ್ ಕ್ಯೂರಿ) 2024ರಲ್ಲಿ ಕೊಟ್ಟ ವರದಿ, ಬಿಡುಗಡೆಯಾದ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಮಾಡದಿರಲಿ ಎಂದಿತು. ‘ಇಂಡಿಯನ್ 2’, ‘ವೇಟ್ಟೈಯನ್’, ‘ಕಂಗುವಾ’ ಒಂದರ ಹಿಂದೊಂದು ಏಟು ತಿಂದ ಅದೇ ವರ್ಷ ತಮಿಳು ನಿರ್ಮಾಪಕರು ಮೂರು ದಿನ ಯಾರೂ ಉಸಿರೆತ್ತಬಾರದೆಂದು ಮದ್ರಾಸ್ ಹೈಕೋರ್ಟಿಗೆ ಹೋದರು. ಅಂಥ ನಿಷೇಧ ಹೇರಲು ಆ ಕೋರ್ಟ್ ಒಪ್ಪಲಿಲ್ಲ, ಅದು ಬೇರೆ ಮಾತು. ಮೂರೇ ದಿನ ಯಾಕೆ? ಶುಕ್ರವಾರ, ಶನಿವಾರ, ಭಾನುವಾರ. ಇಪ್ಪತ್ತೈದು ವಾರ ಓಡುವ ಕಾಲ ಹೋಗಿ, ದೊಡ್ಡ ಸ್ಟಾರ್‌ಗಳ ಸಿನಿಮಾ ನೂರಾರು ಪರದೆಗಳ ಮೇಲೆ ಒಟ್ಟಿಗೇ ಬಂದು ಮೊದಲ ವಾರಾಂತ್ಯದಲ್ಲೇ ಬಾಚಿಕೊಂಡು ಹೋಗುವ ಕಾಲ ಬಂದಿದೆ. ಸುಳ್ಳು ವಿಮರ್ಶೆಯೇ ಇವರ ಚಿಂತೆಯಾಗಿದ್ದರೆ ಸೋಮವಾರದ ಸುಳ್ಳಿಗೂ ತಡೆ ಕೇಳಬೇಕಿತ್ತು. ಸೋಮವಾರ ಯಾರು ಏನು ಬೈದುಕೊಂಡರೂ ಅಡ್ಡಿಯಿಲ್ಲ, ಅಷ್ಟರಲ್ಲಿ ಗಲ್ಲಾಪೆಟ್ಟಿಗೆ ಎಣಿಸಿ ಆಗಿರುತ್ತದೆ. ಒಳಗೆ ಏನಿದೆಯೆಂದು ಗೊತ್ತಾಗುವ ಮೊದಲೇ ಆದಷ್ಟು ಜನರಿಂದ ದುಡ್ಡು ವಸೂಲಾಗಬೇಕು, ಕೇಳುತ್ತಿರುವುದು ಇಷ್ಟನ್ನೇ. ರಸ್ತೆಬದಿಯ ಕಲ್ಲಂಗಡಿ ವ್ಯಾಪಾರಿ ಕೂಡ ಒಂದು ಚೂರು ಕೆತ್ತಿ ಕೆಂಪಗಿದೆಯೆಂದು ತೋರಿಸಿಯೇ ಮಾರುತ್ತಾನೆ.

ಇನ್ನು ರೇಟಿಂಗ್ ಮೇಲಿನ ಇವರ ದ್ವೇಷ ಎಷ್ಟು ಪ್ರಾಮಾಣಿಕ ಎಂಬುದನ್ನು ಇವರ ಪೋಸ್ಟರ್‌ಗಳೇ ಹೇಳುತ್ತವೆ. ಬುಕ್‌ಮೈಶೋದಲ್ಲಿ ಒಂಬತ್ತೂವರೆ ಬಂದರೆ ಆ ಅಂಕ ನಾಯಕನ ಮುಖದ ಪಕ್ಕದಲ್ಲೇ ಅಚ್ಚಾಗುತ್ತದೆ, ‘ಪ್ರೇಕ್ಷಕ ಪ್ರಭುವಿಗೆ ಕೋಟಿ ನಮನ’ ಎಂಬ ಅಡಿಬರಹದ ಸಮೇತ. ಥಿಯೇಟರ್ ಬಾಗಿಲಲ್ಲಿ ಮೈಕ್ ಹಿಡಿದವನಿಗೆ ಯಾರೋ ‘ಸೆಕೆಂಡ್ ಹಾಫ್ ಚಿಂದಿ ಗುರೂ’ ಎಂದರೆ ಆ ತುಣುಕು ಸಂಜೆಯೊಳಗೆ ಪ್ರಚಾರದ ವಿಡಿಯೊದಲ್ಲಿರುತ್ತದೆ. ಅವನ ಹಿಂದೆಯೇ ಬಂದವನು ‘ಫಸ್ಟ್ ಹಾಫ್ ನಿದ್ದೆ ಬಂತು’ ಎಂದರೆ ಅವನು ದುಡ್ಡು ತಿಂದವನು, ಕನ್ನಡದ್ರೋಹಿ. ಪ್ರೇಕ್ಷಕ ಪ್ರಭುವಾಗಿರುವುದು ಹೊಗಳುವವರೆಗೆ ಮಾತ್ರ.

ಸಾಮಾನ್ಯ ಪ್ರೇಕ್ಷಕನ ಮಾತು ಕನ್ನಡ ಚಿತ್ರರಂಗಕ್ಕೆ ಮಾಡಿದ್ದೇನು ಎಂಬ ಲೆಕ್ಕವನ್ನೂ ಒಮ್ಮೆ ನೋಡಬೇಕು. 2015ರ ಜುಲೈನಲ್ಲಿ ಹೊಸಬರ ‘ರಂಗಿತರಂಗ’ ಬಂದ ಒಂದೇ ವಾರಕ್ಕೆ ‘ಬಾಹುಬಲಿ’ ಬಂದು ಮಲ್ಟಿಪ್ಲೆಕ್ಸ್ ಶೋಗಳಿಗೆ ಕೈ ಹಾಕಿತು. ಆಗ ‘ರಂಗಿತರಂಗ’ದ ಪರ ಜಾಲತಾಣಗಳಲ್ಲಿ ಗದ್ದಲವೆಬ್ಬಿಸಿದವರು ಸಿನಿಮಾ ನೋಡಿ ಮೆಚ್ಚಿದವರೇ. 2022ರಲ್ಲಿ ‘ಕಾಂತಾರ’ ಮೊದಲು ಕನ್ನಡದಲ್ಲಷ್ಟೇ ಬಂತು. ನೋಡಿದವರ ಬಾಯಿಮಾತು ಗಡಿ ದಾಟಿದ ಮೇಲೆ ಎರಡು ವಾರಕ್ಕೆ ಹಿಂದಿಗೆ ಹೋಯಿತು. 2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ದಲ್ಲಿ ಕಟೌಟ್ ನಿಲ್ಲಿಸುವಂಥ ಸ್ಟಾರ್ ಇರಲಿಲ್ಲ. ಅದನ್ನು ಮಾಡಿದವರು ಬಿಡುಗಡೆಗೆ ಮುಂಚೆಯೇ ಪೇಯ್ಡ್ ಪ್ರೀಮಿಯರ್ ಇಟ್ಟು, ನೋಡಿ, ಏನನ್ನಿಸಿತೋ ಹೇಳಿ ಎಂದು ಜನರ ಬಾಯಿಗೇ ಸಿನಿಮಾವನ್ನು ಒಪ್ಪಿಸಿದರು. ನಿರ್ಮಾಪಕರು ಮೌನ ಕೇಳುವ ಅದೇ ಮೂರು ದಿನಗಳಲ್ಲಿ ಟಿಕೆಟ್ ಸಿಗದೆ ಜನ ವಾಪಸ್ ಹೋದರು. ಮೂರು ದಿನ ಮೌನವ್ರತ ಹೇರಿದ್ದರೆ ಸ್ಟಾರ್‌ನ ಅಬ್ಬರದ ಜಾಹೀರಾತು ಹಾಗೆಯೇ ಇರುತ್ತಿತ್ತು, ಸತ್ತುಹೋಗುತ್ತಿದ್ದದ್ದು ‘ಸು ಫ್ರಮ್ ಸೋ’ ಮಾಡಿದ ತುಮಿನಾಡು ಅವರಂಥ ಹೊಸ ನಿರ್ದೇಶಕರ ಸಿನಿಮಾ.

ಬಾಟ್‌ಗಳ ಕಥೆ ಏನು, ದುಡ್ಡು ಕೊಟ್ಟು ಕೆಟ್ಟ ರೇಟಿಂಗ್ ಹಾಕಿಸುವವರ ಕಥೆ ಏನು ಎಂದು ಕೇಳುತ್ತಾರೆ. ಇಲ್ಲವೆನ್ನುವವರು ಯಾರು? 2014ರ ‘ಗುಂಡೇ’ ಚಿತ್ರದ ಮೇಲೆ ಸಿಟ್ಟಾದ ಬಾಂಗ್ಲಾದೇಶಿಗಳು ಐಎಂಡಿಬಿಯಲ್ಲಿ ಸಾಮೂಹಿಕವಾಗಿ ಒಂದೊಂದು ಅಂಕ ಹಾಕಿ ಅದನ್ನು ಪಟ್ಟಿಯ ತಳಕ್ಕೆ ತಳ್ಳಿದ್ದರು. 2022ರಲ್ಲಿ ‘ದಿ ಕಾಶ್ಮೀರ್ ಫೈಲ್ಸ್’ಗೆ ಹತ್ತಕ್ಕೆ ಹತ್ತರ ಪ್ರವಾಹ ಬಂದಾಗ ಅದೇ ಐಎಂಡಿಬಿ ಅಸಹಜ ಮತದಾನ ಕಂಡಿದೆಯೆಂದು ಹೇಳಿ ಲೆಕ್ಕದ ವಿಧಾನವನ್ನೇ ಬದಲಿಸಿತು. ಕಳ್ಳಮತ ಎರಡೂ ಕಡೆಗೆ ಬೀಳುತ್ತದೆ. ಆದರೆ ಹತ್ತರ ಕಳ್ಳಮತದ ವಿರುದ್ಧ ಕಣ್ಣೀರಿಟ್ಟ ನಿರ್ಮಾಪಕನನ್ನು ಎಲ್ಲಾದರೂ ಕಂಡಿದ್ದೀರಾ? ಈ ರೋಗಕ್ಕೆ ಮದ್ದು ಕಷ್ಟದ್ದೇನಲ್ಲ. ಯಾವ ಶೋ, ಯಾವ ಸೀಟು, ಯಾರು ಕೊಂಡರು ಎಂಬ ಲೆಕ್ಕವೆಲ್ಲ ಟಿಕೆಟ್ ಮಾರಿದ ಆ್ಯಪ್‌ನಲ್ಲೇ ಇದೆ. ಟಿಕೆಟ್ ಕೊಂಡವನಿಗೆ, ಶೋ ಮುಗಿದ ಮೇಲೆ, ಒಂದೇ ಮತ ಎಂದು ಕಟ್ಟುನಿಟ್ಟು ಮಾಡಿಸಲಿ. ಅದನ್ನು ಕೇಳದೆ ಇಡೀ ಅಂಕಪಟ್ಟಿಯನ್ನೇ ಅಳಿಸಿ ಎನ್ನುವವರಿಗೆ ಕಳ್ಳಮತಕ್ಕಿಂತ ನಿಜವಾದ ಮತದ ಭಯವೇ ಹೆಚ್ಚು. ಅಂದಹಾಗೆ, ಅಂತರ್ಜಾಲದಲ್ಲಿ ಒಬ್ಬರ ಸಿನಿಮಾಕ್ಕೆ ಇನ್ನೊಬ್ಬರು ಕೆಸರೆರಚುವ ಫ್ಯಾನ್ಸ್ ವಾರ್ ಎಂಬ ಕೊಳಕನ್ನು ವರ್ಷಗಟ್ಟಲೆ ಸಾಕಿಕೊಂಡು ಬಂದವರು ನೋಡುಗರಲ್ಲ.

ಸಿನಿಮಾದ ಗಂಧಗಾಳಿ ಗೊತ್ತಿಲ್ಲದವರೆಲ್ಲ ವಿಮರ್ಶಕರಾದರು ಎಂಬ ಗೊಣಗಾಟ ಇನ್ನೊಂದು. ಛಾಯಾಗ್ರಹಣ, ಸಂಕಲನ ಸಾಮಾನ್ಯ ಪ್ರೇಕ್ಷಕನಿಗೆ ಗೊತ್ತಿಲ್ಲದಿರಬಹುದು. ತನ್ನ ದುಡ್ಡು ಎಷ್ಟೆಂದು ಗೊತ್ತು. ಟಿಕೆಟ್ ಬೆಲೆ 200 ರೂಪಾಯಿ ಮೀರಬಾರದೆಂದು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿದಾಗ ಮಲ್ಟಿಪ್ಲೆಕ್ಸ್‌ಗಳ ಜೊತೆ ನಿರ್ಮಾಣ ಸಂಸ್ಥೆಯೊಂದೂ ಹೈಕೋರ್ಟಿಗೆ ಹೋಗಿ, ಎರಡು ವಾರ ತುಂಬುವುದರೊಳಗೆ ತಡೆಯಾಜ್ಞೆ ತಂದವು. ಬೆಲೆ ಎಷ್ಟಿಡಬೇಕೆಂಬುದು ನಮ್ಮ ಸ್ವಾತಂತ್ರ್ಯ ಎಂಬುದು ಆಗಿನ ವಾದ. ಒಳ್ಳೆಯದು. ಆ ಬೆಲೆ ತೆತ್ತವನು ‘ದಂಡ’ ಎನ್ನುವ ಸ್ವಾತಂತ್ರ್ಯಕ್ಕೆ ಮಾತ್ರ ಭಾನುವಾರ ರಾತ್ರಿಯವರೆಗೆ ರಜೆ! ನಾಲ್ಕು ಜನರ ಸಂಸಾರ ಟಿಕೆಟ್, ಪಾರ್ಕಿಂಗ್, ಪಾಪ್‌ಕಾರ್ನ್ ಎಂದು ಸಾವಿರಗಟ್ಟಲೆ ಕಳೆಯುವ ಊರಿನಲ್ಲಿ ಹೋಗುವ ಮುಂಚೆ ನೋಡಿಬಂದವರನ್ನು ವಿಚಾರಿಸುವುದು ಚಿತ್ರರಂಗದ ಮೇಲಿನ ದಾಳಿಯಂತೆ. ಜನ ಥಿಯೇಟರಿಗೆ ಬರುತ್ತಿಲ್ಲ, ಕನ್ನಡಿಗರಿಗೆ ಅಭಿಮಾನವಿಲ್ಲ ಎಂದು ವೇದಿಕೆ ಸಿಕ್ಕಾಗಲೆಲ್ಲ ಅಳುವವರೂ ಇವರೇ.

ರೇಟಿಂಗ್ ಅಳಿಸಿದರೂ ಬುಕ್‌ಮೈಶೋದಲ್ಲಿ ಸೀಟುಗಳ ನಕ್ಷೆ ಇನ್ನೂ ಉಳಿದಿದೆ. ಶನಿವಾರ ಸಂಜೆಯ ಶೋಗೆ ಎಷ್ಟು ಸಾಲು ಖಾಲಿ ಬಿದ್ದಿವೆಯೆಂದು ಯಾರು ಬೇಕಾದರೂ ತೆರೆದು ನೋಡಬಹುದು. ಮುಂದಿನ ಅರ್ಜಿ ಬಹುಶಃ ಅದನ್ನು ಮುಚ್ಚಿಸುವುದಕ್ಕೆ.