ಗೋಡೆಯ ಮೇಲಿನ ಮಂಟಪ

ಸ್ಥಾವರವನ್ನು ನೆಚ್ಚಿ ಜಂಗಮವನ್ನು ಮರೆಯಬಾರದೆಂಬುದು ಬಸವಣ್ಣನವರ ವಚನಗಳ ಇಂಗಿತ. ಅದು ದೇವಾಲಯಗಳಿಗೆ ಮಾತ್ರ ಅನ್ವಯಿಸುವುದೆಂದು ಭಾವಿಸಿದವರು ಬೆಳಗಾವಿಯ ಸುವರ್ಣ ವಿಧಾನಸೌಧವನ್ನೊಮ್ಮೆ ನೋಡಬೇಕು.

2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಆ ಭವನದಲ್ಲಿ 2024ರ ಡಿಸೆಂಬರ್‌ನಲ್ಲಿ ಅನುಭವ ಮಂಟಪದ ಬೃಹತ್ ವರ್ಣಚಿತ್ರ ಅನಾವರಣಗೊಂಡಿತು. ಅದೇ ವರ್ಷದ ಜನವರಿಯಲ್ಲಿ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತ್ತು. ಇವೆರಡೂ ಸಂತೋಷದ ಸಂಗತಿಗಳೇ. ಆದರೆ ಚಿತ್ರ ತೂಗುಹಾಕಿದೊಡನೆ ಋಣ ತೀರಿತೆಂಬ ತೃಪ್ತಿಯನ್ನು ಶರಣಪಥವು ಒಪ್ಪದು.

ಅನುಭವ ಮಂಟಪದ ಹಿರಿಮೆ ಅದರ ಕಂಬಗಳಲ್ಲಿರಲಿಲ್ಲ, ಅಲ್ಲಿ ಕುಳಿತವರಲ್ಲಿತ್ತು. ಅಲ್ಲಮಪ್ರಭುಗಳು ಶೂನ್ಯಸಿಂಹಾಸನದಲ್ಲಿದ್ದ ಆ ಗೋಷ್ಠಿಯಲ್ಲಿ ಮಡಿವಾಳ ಮಾಚಿದೇವರೂ ಅಂಬಿಗರ ಚೌಡಯ್ಯನವರೂ ಅಕ್ಕಮಹಾದೇವಿಯೂ ಸಮಾನರಾಗಿ ಮಾತನಾಡಿದರು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಇಂದಿಗೂ ಉಳಿದಿವೆ. ಎಂಟು ಶತಮಾನಗಳ ನಂತರ, 2023ರ ಸಾರ್ವತ್ರಿಕ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಗೆ ಆಯ್ಕೆಯಾದ ಮಹಿಳೆಯರು ಕೇವಲ 10 ಮಂದಿ. ಚಿತ್ರದಲ್ಲಿ ಶರಣೆಯರಿಗೆ ಸ್ಥಳವುಂಟು, ಪೀಠಗಳಲ್ಲಿಲ್ಲ. ಇದು ಗೌರವವೋ, ಅಣಕವೋ?

ಚಿತ್ರವನ್ನು ಕಾಣುತ್ತ ಕಾಣುತ್ತ ಮನಸ್ಸು ತಾನಾಗಿ ತಿದ್ದುವುದೆಂದು ಕೆಲವರು ವಾದಿಸಬಹುದು. ಅದಕ್ಕೆ ಬೆಂಗಳೂರಿನ ವಿಧಾನಸೌಧವೇ ಉತ್ತರ. ಕೆಂಗಲ್ ಹನುಮಂತಯ್ಯನವರ ಸಂಕಲ್ಪದಂತೆ 1956ರಲ್ಲಿ ಪೂರ್ಣಗೊಂಡ ಆ ಸೌಧಕ್ಕೆ ದ್ರಾವಿಡ ಶೈಲಿಯ ಕಂಬಗಳಿವೆ. ಸಚಿವ ಸಂಪುಟದ ಕೊಠಡಿಗೆ ಕೆತ್ತನೆಯ ಶ್ರೀಗಂಧದ ಬಾಗಿಲಿದೆ. ಮುಂಭಾಗದಲ್ಲಿ ಸರ್ಕಾರದ ಕೆಲಸವು ದೇವರ ಕೆಲಸವೆಂಬ ಬರಹವಿದೆ. ಆ ಬರಹದ ಕೆಳಗೇ ದಶಕಗಳಿಂದ ಬಡವರ ಅರ್ಜಿಗಳು ಮೇಜಿನಿಂದ ಮೇಜಿಗೆ ಅಲೆದಿವೆ. ಬಾಗಿಲಿನ ಗಂಧವು ಒಳಗಿನ ನಿರ್ಣಯಗಳಿಗೆ ತಾನಾಗಿ ಅಂಟಲಿಲ್ಲ.

ಕಲೆ ಬೇಡವೆಂದು ಇದರ ಅರ್ಥವಲ್ಲ. ಕಲ್ಲು ಕಡೆದವನದೂ ಬಣ್ಣ ಬಳಿದವನದೂ ಕಾಯಕವೇ. ಅವರು ತಮ್ಮ ಕಾಯಕವನ್ನು ಪೂರೈಸಿದ್ದಾರೆ. ಉಳಿದಿರುವುದು ಒಳಗೆ ಕುಳಿತವರ ಕಾಯಕ. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ತಾಯಿ ಆಯ್ದಕ್ಕಿ ಲಕ್ಕಮ್ಮ. ಸಾರ್ವಜನಿಕ ಬೊಕ್ಕಸದ ಕಡತಕ್ಕೆ ಸಹಿ ಹಾಕುವ ಕೈ ಆಕೆಯನ್ನು ನೆನೆದು ಒಂದು ಕ್ಷಣ ತಡೆದರೆ, ಅದೇ ಮಂಟಪದ ನಿಜವಾದ ಅನಾವರಣ.

ಭಕ್ತರೂ ಚಿತ್ರಕ್ಕೆ ಕೈಮುಗಿದು ಮರಳಬಾರದು. ಪ್ರತಿನಿಧಿಗಳು ಮತ ಕೇಳಲು ಬಂದಾಗ ಸದನದಲ್ಲಿ ಅವರಾಡಿದ ಮಾತಿನ, ಮಾಡಿದ ಕೆಲಸದ ಲೆಕ್ಕ ಕೇಳಬೇಕು. ನುಡಿಗೆ ನಡೆಯ ಸಾಕ್ಷಿ ಬೇಡುವುದೇ ಶರಣರು ಕಲಿಸಿದ ಪೂಜೆ.