‘ಸರ್ವರ್ ಪ್ರಾಬ್ಲಂ’ ಅನ್ನೋದು ಉತ್ತರ ಅಲ್ಲ

(1/4)
ರೇಷನ್ ಕ್ಯೂನಲ್ಲಿ ಹೆಬ್ಬೆಟ್ಟು ಒತ್ತಿ ಕಾಯೋರಿಗೆ ಈ ಮಾತು ಮಳೆ ಬಿಸಿಲಿನ ಥರ ಅಭ್ಯಾಸ ಆಗ್ಬಿಟ್ಟಿದೆ: ‘ಸರ್ವರ್ ಪ್ರಾಬ್ಲಂ, ನಾಳೆ ಬನ್ನಿ.’ ಮಳೆ ಯಾರ ಕೈಲೂ ಇಲ್ಲ ಕಣ್ರೋ. ಸರ್ವರ್ ಯಾರದೋ ಕೈಲಿದೆ.

2024ರ ಅಕ್ಟೋಬರ್ ನೆನಪಿದ್ಯಾ? ಪಡಿತರದ ವ್ಯವಸ್ಥೆಯನ್ನ ಎನ್‌ಐಸಿ ಸರ್ವರ್‌ನಿಂದ ರಾಜ್ಯದ ಡೇಟಾ ಸೆಂಟರ್‌ಗೆ ಶಿಫ್ಟ್ ಮಾಡ್ತಿದ್ರು. ರಾಜ್ಯದ ಎಷ್ಟೋ ಕಡೆ ಅಕ್ಕಿ ಕೊಡೋದು ತಡ ಆಯ್ತು. ಹುಲ್ಲಹಳ್ಳಿಯಂಥ ಕಡೆ ‘ನಾಳೆ ಬನ್ನಿ’ ಅಂದ್ರೆ ಸುತ್ತಲ ಹಳ್ಳಿಯಿಂದ ಬಂದೋರಿಗೆ ಒಂದು ದಿನದ ಕೂಲಿ ಹೋಯ್ತು ಅಂತ ಅರ್ಥ. ಬೈಸಿಕೊಳ್ಳೋರು ಮಾತ್ರ ಅಂಗಡಿಯವರು. ಅವರ ಕೈಲಿರೋದು ಬರೀ ಹೆಬ್ಬೆಟ್ಟಿನ ಮಷಿನ್ನು.

(2/4)
‘ಹೊಸ ಸರ್ವರ್ ಅಂದ್ಮೇಲೆ ಸ್ವಲ್ಪ ದಿನ ಹಂಗೇ, ಆಮೇಲೆ ಸೆಟ್ ಆಗುತ್ತೆ’ ಅನ್ನೋರಿದ್ದಾರೆ. ಅರ್ಧ ಸತ್ಯ. ಡೇಟಾಬೇಸ್ ಪದೇ ಪದೇ ಕೇಳೋ ಮಾಹಿತಿಯನ್ನ ಮೆಮೊರಿಯಲ್ಲಿ ಇಟ್ಕೊಳ್ಳುತ್ತೆ. ಹೊಸ ಮಷಿನ್‌ನಲ್ಲಿ ಅದು ಖಾಲಿ, ಎಲ್ಲಾನೂ ಡಿಸ್ಕ್‌ನಿಂದ ತರಬೇಕು. ಕೆಲಸ ನಡೀತಾ ನಡೀತಾ ಅದು ತುಂಬ್ಕೊಳ್ಳುತ್ತೆ, ಸರಿ. ಆದ್ರೆ ಬೇರೆ ಕಾರಣಗಳು ತಾವಾಗೇ ಸರಿಹೋಗಲ್ಲ.

ಒಂದು ಕಾರ್ಡ್ ಹುಡುಕೋಕೆ ಇಂಡೆಕ್ಸ್ ನೋಡ್ಬೇಕಾ, ಇಡೀ ಟೇಬಲ್ ಓದ್ಬೇಕಾ ಅಂತ ಡೇಟಾಬೇಸ್ ತೀರ್ಮಾನಿಸೋದು ತನ್ನ ಹತ್ರ ಇರೋ ಅಂದಾಜು ಲೆಕ್ಕದ ಮೇಲೆ. ಪೋಸ್ಟ್‌ಗ್ರೆಸ್‌ನ ಅಪ್‌ಗ್ರೇಡ್ ಟೂಲ್ 17ನೇ ಆವೃತ್ತಿವರೆಗೂ ಈ ಲೆಕ್ಕವನ್ನ ಹೊಸ ಕಡೆಗೆ ಒಯ್ತಾನೇ ಇರ್ಲಿಲ್ಲ. ‘ಅನಲೈಜ್’ ಅನ್ನೋ ಆದೇಶ ಕೊಡ್ಬೇಕು. ಮರೆತ್ರೆ ಕಣ್ಣು ಮಿಟುಕಿಸೋದ್ರಲ್ಲಿ ಸಿಗ್ತಿದ್ದ ಹೆಸರಿಗೆ ಇಡೀ ಲೆಡ್ಜರ್ ತಿರುವಿ ಹಾಕುತ್ತೆ.

ಸೆಟ್ಟಿಂಗ್ ಇನ್ನೊಂದು. ಮೈಎಸ್‌ಕ್ಯುಎಲ್ ತನ್ನ ಡೇಟಾ ಇಟ್ಕೊಳ್ಳೋಕೆ ತಾನಾಗಿ ತಗೊಳ್ಳೋ ಮೆಮೊರಿ ಬರೀ 128 ಎಂಬಿ. 64 ಜಿಬಿ ಮಷಿನ್ ತಂದು ಹಳೇ ಸೆಟ್ಟಿಂಗ್ ಕಾಪಿ ಮಾಡ್ದೇ ಹೋದ್ರೆ, ಗೋಡೌನ್ ಕಟ್ಟಿಸಿ ಬೀಗ ಹಾಕಿ ಜಗಲಿ ಮೇಲೆ ಮೂಟೆ ಜೋಡಿಸಿದ ಹಾಗೆ.

ದೂರಾನೂ ಲೆಕ್ಕಕ್ಕೆ ಬರುತ್ತೆ. ಸಾಫ್ಟ್‌ವೇರ್ ಒಂದು ಕಡೆ, ಡೇಟಾಬೇಸ್ ಇನ್ನೊಂದು ಕಡೆ ಆದ್ರೆ ಒಂದು ಪ್ರಶ್ನೆ ಹೋಗಿ ಬರೋಕೆ 5 ಮಿಲಿಸೆಕೆಂಡ್ ಅಂತ ಇಟ್ಕೊಳ್ಳಿ. ಒಂದು ಹೆಬ್ಬೆಟ್ಟಿಗೆ ಒಂದಾದ ಮೇಲೊಂದು 200 ಪ್ರಶ್ನೆ ಕೇಳಿದ್ರೆ ಬರೀ ಓಡಾಟಕ್ಕೇ 1 ಸೆಕೆಂಡ್ ಹೋಯ್ತು.

(3/4)
ಹಾಗಾದ್ರೆ ಕಂಡುಹಿಡಿಯೋದು ಹೇಗೆ? ಬಿಕಾಂ ಹುಡುಗರಿಗೆ ಇದು ಹೊಸದಲ್ಲ, ಕಂಪ್ಯಾರಟಿವ್ ಸ್ಟೇಟ್‌ಮೆಂಟ್ ಅಷ್ಟೇ. ಶಿಫ್ಟ್ ಮಾಡೋ ಮುಂಚೆ ಹಳೇ ಸರ್ವರ್‌ನಲ್ಲಿ ಅತಿ ನಿಧಾನದ ಹತ್ತು ಕ್ವೆರಿ ಬರ್ಕೊಳ್ಳಿ. ಎಷ್ಟು ಸಮಯ, ಯಾವ ದಾರಿ ಹಿಡೀತು. ಶಿಫ್ಟ್ ಆದ್ಮೇಲೆ ಅದೇ ಹತ್ತನ್ನ ಪಕ್ಕ ಇಡಿ. ರಶ್ ದಿನಕ್ಕೆ ರಶ್ ದಿನವನ್ನೇ ಹೋಲಿಸ್ಬೇಕು, ಭಾನುವಾರದ ಲೆಕ್ಕ ತಂದು ತೋರಿಸೋದಲ್ಲ. ನಿಧಾನ ಇರೋದು ಆಧಾರ್ ಪರಿಶೀಲನೆಯಲ್ಲೋ, ಊರಿನ ನೆಟ್‌ವರ್ಕ್‌ನಲ್ಲೋ, ಡೇಟಾಬೇಸ್‌ನಲ್ಲೋ ಅಂತ ಒಂದೊಂದು ಹಂತಕ್ಕೂ ಟೈಮ್ ಹಾಕಿದ್ರೆ ಗೊತ್ತಾಗುತ್ತೆ.

‘ಲಾಗ್‌ನಲ್ಲಿ ಏನೂ ಇಲ್ಲ’ ಅಂದ್ರೂ ನಂಬ್ಬೇಡಿ. ಮೈಎಸ್‌ಕ್ಯುಎಲ್‌ನ ಸ್ಲೋ ಕ್ವೆರಿ ಲಾಗ್ ಮೊದಲಿಂದ್ಲೂ ಆಫ್ ಇರುತ್ತೆ. ಆನ್ ಮಾಡಿದ್ರೂ, ಮಿತಿ ಬದಲಾಯಿಸ್ದೇ ಹೋದ್ರೆ 10 ಸೆಕೆಂಡ್ ದಾಟಿದ್ದನ್ನ ಮಾತ್ರ ಬರೆಯುತ್ತೆ. 9 ಸೆಕೆಂಡ್ ಕಾದ ಅಜ್ಜಿ ಆ ಪುಸ್ತಕದಲ್ಲಿ ಇಲ್ವೇ ಇಲ್ಲ.

(4/4)
ದೊಡ್ಡವರಿಗೂ ಹಿಂಗಾಗುತ್ತೆ ಅಂತ ಯಾರೋ ಕಮೆಂಟ್ ಹಾಕ್ತೀರ, ಗೊತ್ತು. ಆಗುತ್ತೆ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 52 ಲಕ್ಷ ಗ್ರಾಹಕರ ಡೇಟಾವನ್ನ ಹೊಸ ವ್ಯವಸ್ಥೆಗೆ ಸಾಗಿಸ್ತು. ಡೇಟಾ ಸರಿಯಾಗೇ ಹೋಯ್ತು, ವ್ಯವಸ್ಥೆ ಕುಸೀತು. ಅಲ್ಲಿ ಯಾರೂ ‘ಸರ್ವರ್ ಪ್ರಾಬ್ಲಂ’ ಅಂತ ಫೈಲ್ ಮುಚ್ಚಲಿಲ್ಲ. ತನಿಖೆ ಆಯ್ತು, ವರದಿ ಹೊರಗೆ ಬಂತು. 2022ರಲ್ಲಿ ಬ್ಯಾಂಕಿಗೆ 4.86 ಕೋಟಿ ಪೌಂಡ್ ದಂಡ. ಮರುವರ್ಷ ಆಗಿನ ಐಟಿ ಮುಖ್ಯಸ್ಥರೂ ತಮ್ಮ ಜೇಬಿಂದ ದಂಡ ಕಟ್ಟೋ ಹಾಗಾಯ್ತು.

ನಮ್ಮಲ್ಲಿ ದಂಡ ಕಟ್ಟೋದು ಕ್ಯೂನಲ್ಲಿ ನಿಂತೋರು.

ಮುಂದಿನ ಸಲ ಯಾವುದಾದ್ರೂ ಇಲಾಖೆ ಸರ್ವರ್ ಬದಲಾಯಿಸಿ ನಿಧಾನ ಆಯ್ತು ಅಂದ್ರೆ ಅಂಗಡಿಯವರ ಹತ್ರ ಜಗಳ ಬೇಡ. ಆರ್‌ಟಿಐ ಅರ್ಜಿಗೆ 10 ರೂಪಾಯಿ. ಬರೀರಿ: ಯಾವ ದಿನ ಶಿಫ್ಟ್ ಮಾಡಿದ್ರಿ? ಮುಂಚೆ ಒಂದು ಹೆಬ್ಬೆಟ್ಟಿಗೆ ಎಷ್ಟು ಸೆಕೆಂಡ್ ಹಿಡೀತಿತ್ತು, ಈಗ ಎಷ್ಟು?

#ಹುಲ್ಲಹಳ್ಳಿ #ನಂಜನಗೂಡು #ಸರ್ವರ್‌ಪ್ರಾಬ್ಲಂ